ಕಣ್ಣು ಒಪ್ಪಿಕೊಂಡ ಚೂರು: ಸರ್ ಹ್ಯಾರಲ್ಡ್ ರಿಡ್ಲಿಯವರ ಜೀವನಯಾತ್ರೆ

ಸಾಂಗಲಿಯಿಂದ ತಾಸಗಾಂವದ ಕಡೆಗೆ ಹೊರಟರೆ ದಾರಿಯಲ್ಲಿ ಕವಲಾಪುರ ಸಿಗುತ್ತದೆ. ಅಲ್ಲೊಂದು ಹಳೆಯ ವಿಮಾನಪಟ್ಟಿ ಇದೆ. ಅದು ಮುಂದೆ ವಿಮಾನ ನಿಲ್ದಾಣವಾಗಬೇಕೆಂಬ ಮಾತು ಆಗಾಗ ಏಳುತ್ತದೆ, ಆಗಾಗ ಅಡಗುತ್ತದೆ. ಆ ಬಯಲನ್ನು ದಾಟಿ ಹೋಗುವಾಗಲೆಲ್ಲ ನಮಗೆ ದೂರದ ಇಂಗ್ಲೆಂಡಿನ ಒಬ್ಬ ನೇತ್ರವೈದ್ಯರ ನೆನಪಾಗುತ್ತದೆ. ಅವರು ಈ ಊರಿಗೆ ಬಂದವರಲ್ಲ. ಆದರೆ ಇಲ್ಲಿಯ ಓಣಿಗಳಲ್ಲಿ ಓಡಾಡುವ ಅದೆಷ್ಟೋ ಹಿರಿಯರ ಕಣ್ಣೊಳಗೆ ಅವರ ಕೆಲಸ ಕುಳಿತಿದೆ. ಆ ಕೆಲಸ ಆರಂಭವಾದದ್ದು ಒಡೆದ ವಿಮಾನದ ಕಿಟಕಿಯ ಚೂರಿನಿಂದ.

ಈ ಜೀವನಚರಿತ್ರೆಯನ್ನು ನಾವು ಈಗ ಬರೆಯಲು ಒಂದು ಕಾರಣವಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಹುಡುಗಿಯೊಬ್ಬಳು ತನ್ನ ಆಯಿಯನ್ನು ಕಣ್ಣು ತೋರಿಸಲು ಕರೆದುಕೊಂಡು ಹೋಗಿದ್ದಳು. ಆಯಿಗೆ ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದು. ಅಲ್ಲಿದ್ದವರು ಮರಾಠಿಯಲ್ಲಿ ವಿವರಿಸಿದರು. ಮೋತಿಬಿಂದು ಬಲಿತಿದೆ, ಅದನ್ನು ತೆಗೆದು ಒಳಗೆ ಭಿಂಗ ಕೂರಿಸುತ್ತೇವೆ ಎಂಬುದು ಅವರ ಮಾತಿನ ಸಾರ. ಹುಡುಗಿ ತನಗೆ ತಿಳಿದಷ್ಟು ಕನ್ನಡಕ್ಕೆ ತಿರುಗಿಸಿದಳು. ಭಿಂಗ ಎಂಬುದು ಅವಳ ಬಾಯಲ್ಲಿ ಗಾಜು ಎಂದಾಯಿತು. ಕಣ್ಣಿನೊಳಗೆ ಗಾಜು ಇಡುತ್ತಾರೆಂದು ಕೇಳಿದ ಆಯಿ ಎದ್ದು ಮನೆಗೆ ಬಂದರು. ಮತ್ತೆ ಎರಡು ವರ್ಷ ಆ ಕಡೆ ಮುಖ ಮಾಡಲಿಲ್ಲ. ಮೂರನೆಯ ಮಳೆಗಾಲದಲ್ಲಿ ಅಂಗಳದ ಮೆಟ್ಟಿಲು ಕಾಣದೆ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಹುಡುಗಿಯ ತಪ್ಪು ಏನೂ ಇರಲಿಲ್ಲ. ಅವಳಿಗೆ ಆ ಪದವನ್ನೂ ಆ ಪದದ ಹಿಂದಿನ ಕಥೆಯನ್ನೂ ಕಲಿಸಬೇಕಾದವರು ನಾವು. ನಾವು ಕಲಿಸಿರಲಿಲ್ಲ.

ನಿಕೋಲಸ್ ಹ್ಯಾರಲ್ಡ್ ಲಾಯ್ಡ್ ರಿಡ್ಲಿಯವರು 1906ರ ಜುಲೈ 10ರಂದು ಇಂಗ್ಲೆಂಡಿನ ಲೆಸ್ಟರ್‌ಷೈರ್ ಪ್ರಾಂತದ ಕಿಬ್‌ವರ್ತ್ ಎಂಬಲ್ಲಿ ಜನಿಸಿದರು. ತಂದೆಯೂ ನೇತ್ರಶಸ್ತ್ರವೈದ್ಯರೇ. ಶುಶ್ರೂಷಾ ವೃತ್ತಿಗೆ ಹೊಸ ಗೌರವ ತಂದುಕೊಟ್ಟ ಫ್ಲಾರೆನ್ಸ್ ನೈಟಿಂಗೇಲ್ ಅವರಿಗೂ ತಾಯಿಗೂ ಪರಿಚಯವಿತ್ತು. ಎಳೆಯ ಹ್ಯಾರಲ್ಡ್ ಆ ವೃದ್ಧೆಯ ತೊಡೆಯ ಮೇಲೆ ಕುಳಿತಿದ್ದರೆಂಬ ಮಾತು ಅವರ ಬದುಕನ್ನು ಬರೆದವರಲ್ಲಿ ಪ್ರಚಲಿತವಾಗಿದೆ. ಚಾರ್ಟರ್‌ಹೌಸ್ ಶಾಲೆಯಲ್ಲಿಯೂ ಕೇಂಬ್ರಿಜ್‌ನ ಪೆಂಬ್ರೋಕ್ ಕಾಲೇಜಿನಲ್ಲಿಯೂ ಓದಿ, ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ 1930ರ ಹೊತ್ತಿಗೆ ವೈದ್ಯ ಶಿಕ್ಷಣವನ್ನು ಮುಗಿಸಿದರು. ಮುಂದೆ ಅದೇ ಆಸ್ಪತ್ರೆಯಲ್ಲಿ, ಜೊತೆಗೆ ಕಣ್ಣಿನ ಚಿಕಿತ್ಸೆಗೆ ಜಗತ್ಪ್ರಸಿದ್ಧವಾದ ಮೂರ್‌ಫೀಲ್ಡ್ಸ್ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರಾದರು.

ಆ ಕಾಲದಲ್ಲಿ ಕಣ್ಣಿನ ಪೊರೆಗೆ ಇದ್ದ ಚಿಕಿತ್ಸೆ ಅರ್ಧ ಚಿಕಿತ್ಸೆ. ಕಣ್ಣಿನ ಒಳಗಿರುವ ಸಹಜ ಮಸೂರವು ಮಬ್ಬಾಗುವುದೇ ಪೊರೆ. ಮಬ್ಬಾದ ಮಸೂರವನ್ನು ವೈದ್ಯರು ತೆಗೆಯುತ್ತಿದ್ದರು, ಆದರೆ ಆ ಜಾಗಕ್ಕೆ ಮತ್ತೇನನ್ನೂ ಇಡುತ್ತಿರಲಿಲ್ಲ. ಬೆಳಕು ಒಳಗೆ ಬರುತ್ತಿತ್ತು, ಚಿತ್ರ ಮೂಡುತ್ತಿರಲಿಲ್ಲ. ಆದ್ದರಿಂದ ರೋಗಿಗೆ ಹತ್ತು ಡಯಾಪ್ಟರಿನ ಆಸುಪಾಸಿನ ದಪ್ಪ ಕನ್ನಡಕ ಅನಿವಾರ್ಯ. ಅದರೊಳಗಿಂದ ಎಲ್ಲವೂ ಇದ್ದುದಕ್ಕಿಂತ ಕಾಲುಭಾಗಕ್ಕೂ ಹೆಚ್ಚು ದೊಡ್ಡದಾಗಿ ಕಾಣುತ್ತಿತ್ತು. ಪಕ್ಕದಲ್ಲಿ ಬಂದ ಮನುಷ್ಯ ಒಮ್ಮೆ ಮಾಯವಾಗಿ ಮತ್ತೆ ಧುತ್ತೆಂದು ಎದುರು ನಿಲ್ಲುತ್ತಿದ್ದ. ಕನ್ನಡಕ ಕಳೆದರೆ ಕಣ್ಣೂ ಕಳೆದಂತೆ.

ನಮ್ಮ ಸೀಮೆಗೆ ಈ ಚಿಕಿತ್ಸೆ ಹೊಸದಾಗಿರಲಿಲ್ಲ. ಮೀರಜದಲ್ಲಿ 1894ರಲ್ಲಿ ಆಸ್ಪತ್ರೆ ತೆರೆದ ವಿಲಿಯಂ ವಾನ್ಲೆಸ್ ಅವರ ಹೆಸರನ್ನು ಇಲ್ಲಿ ಕೇಳದವರಿಲ್ಲ. ಬೆಳಗಾವಿ, ವಿಜಯಪುರ ಕಡೆಯ ಕನ್ನಡಿಗರು ಕಣ್ಣಿನ ಸಲುವಾಗಿ ರೈಲು ಹತ್ತಿ ಮೀರಜಕ್ಕೆ ಬರುವ ರೂಢಿ ತಲೆಮಾರುಗಳದು. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು 1943ರಿಂದ ಊರೂರಿಗೆ ಶಿಬಿರಗಳನ್ನು ಒಯ್ದು, ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದ ದಾಖಲೆಯಿಂದ ಗಿನ್ನೆಸ್ ಪುಸ್ತಕದಲ್ಲಿ ಸ್ಥಾನ ಪಡೆದರು. ಆ ಶಿಬಿರಗಳಿಂದ ಬೆಳಕು ಪಡೆದು ಬಂದ ಮುತ್ಯಾ, ಆಯಿಯರ ಮೂಗಿನ ಮೇಲಿದ್ದ ದಪ್ಪ ಕನ್ನಡಕವನ್ನು ನಾವು ಬಾಲ್ಯದಲ್ಲಿ ಕಂಡಿದ್ದೇವೆ. ಅದರ ಹಿಂದೆ ಅವರ ಕಣ್ಣು ಎಮ್ಮೆಯ ಕಣ್ಣಿನಷ್ಟು ದೊಡ್ಡದಾಗಿ ತೋರುತ್ತಿತ್ತು. ಅದು ವೈದ್ಯರ ಕೊರತೆಯಲ್ಲ. ಕಣ್ಣಿನೊಳಗೆ ಇಡಬಹುದಾದ ವಸ್ತು ಇದೆಯೆಂದು ವೈದ್ಯಲೋಕ ಇನ್ನೂ ಪೂರ್ತಿ ನಂಬಿರಲಿಲ್ಲ.

ನಂಬದಿರಲು ಕಾರಣವೂ ಇತ್ತು. ಕಣ್ಣಿನೊಳಗೆ ಹೊರಗಿನ ವಸ್ತು ಹೊಕ್ಕರೆ ಅದನ್ನು ಹೇಗಾದರೂ ತೆಗೆಯಬೇಕೆಂಬುದು ಅಂದಿನ ಪಾಠ. ಕಬ್ಬಿಣದ ಕಣ ಹೊಕ್ಕರೆ ಅದು ತುಕ್ಕು ಹಿಡಿದು ಒಳಪದರವನ್ನು ಕೊಲ್ಲುತ್ತದೆ. ತಾಮ್ರದ ಕಣ ಕೀವಿನಂಥ ಉರಿಯೂತವನ್ನು ಎಬ್ಬಿಸುತ್ತದೆ. ದೇಹದ ರಕ್ಷಕ ಕೋಶಗಳು ಹೊಸಬನನ್ನು ಸುತ್ತುವರಿದು ಕರಗಿಸಲು ನೋಡುತ್ತವೆ. ಕರಗದಿದ್ದರೆ ಒಂದಕ್ಕೊಂದು ಕೂಡಿ ದೈತ್ಯಕೋಶಗಳಾಗುತ್ತವೆ, ಗೋಡೆ ಕಟ್ಟುತ್ತವೆ. ಈ ಜಗಳದಲ್ಲಿ ಹಾಳಾಗುವುದು ಕಣ್ಣೇ.

ಎರಡನೆಯ ಮಹಾಯುದ್ಧ ಈ ಪಾಠಕ್ಕೆ ಒಂದು ಅಪವಾದವನ್ನು ತೋರಿಸಿತು. 1940ರ ಆಗಸ್ಟಿನಲ್ಲಿ ಬ್ರಿಟನ್ನಿನ ಆಕಾಶದಲ್ಲಿ ಕಾದಾಟ ನಡೆದಿತ್ತು. ಹರಿಕೇನ್ ಯುದ್ಧವಿಮಾನ ನಡೆಸುತ್ತಿದ್ದ ಗಾರ್ಡನ್ ಕ್ಲೀವರ್ ಎಂಬ ಯುವ ಅಧಿಕಾರಿ ಆ ದಿನ ರಕ್ಷಣಾ ಕನ್ನಡಕವಿಲ್ಲದೆ ಏರಿದ್ದರು. ಗುಂಡು ತಾಗಿ ಅವರ ತಲೆಯ ಮೇಲಿನ ಪಾರದರ್ಶಕ ಮುಚ್ಚಳ ಸಿಡಿಯಿತು. ಚೂರುಗಳು ಎರಡೂ ಕಣ್ಣುಗಳಿಗೆ ನುಗ್ಗಿದವು. ಅವರು ಕುರುಡಾಗಿಯೇ ವಿಮಾನದಿಂದ ಹೊರಬಿದ್ದು ಪ್ಯಾರಾಚೂಟಿನಿಂದ ಇಳಿದರು. ಮುಖಕ್ಕೂ ಕಣ್ಣುಗಳಿಗೂ ಸೇರಿ 18 ಶಸ್ತ್ರಚಿಕಿತ್ಸೆಗಳಾದವು. ಒಂದು ಕಣ್ಣು ಹೋಯಿತು. ಇನ್ನೊಂದರಲ್ಲಿ ಚೂರುಗಳು ಉಳಿದವು, ದೃಷ್ಟಿಯೂ ಉಳಿಯಿತು.

ಆ ಮುಚ್ಚಳ ಗಾಜಿನದಾಗಿರಲಿಲ್ಲ. ಅದು ಪರ್ಸ್ಪೆಕ್ಸ್ ಎಂಬ ಅಕ್ರಿಲಿಕ್ ಪ್ಲಾಸ್ಟಿಕ್, ರಸಾಯನ ಶಾಸ್ತ್ರದ ಹೆಸರಿನಲ್ಲಿ ಪಾಲಿಮೀಥೈಲ್ ಮೆಥಾಕ್ರಿಲೇಟ್. ಕ್ಲೀವರರನ್ನೂ ಅಂಥ ಇತರ ಗಾಯಾಳುಗಳನ್ನೂ ವರ್ಷಗಟ್ಟಲೆ ಪರೀಕ್ಷಿಸಿದ ರಿಡ್ಲಿಯವರು ಒಂದು ಸಂಗತಿಯನ್ನು ಗಮನಿಸಿದರು. ಚೂಪಾದ ಅಂಚು ನವಿರಾದ ಭಾಗಕ್ಕೆ ತಾಗದಿದ್ದರೆ ಈ ಚೂರು ಕಣ್ಣೊಳಗೆ ಸುಮ್ಮನೆ ಬಿದ್ದಿರುತ್ತದೆ. ಕೆಂಪಾಗುವುದಿಲ್ಲ, ಉರಿಯುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ಕಣ್ಣು ಅದನ್ನು ಹೊರದೂಡುವುದೂ ಇಲ್ಲ, ಕರಗಿಸುವುದೂ ಇಲ್ಲ.

ಯುದ್ಧಕಾಲದಲ್ಲಿ ರಿಡ್ಲಿಯವರು ಸೇನಾ ವೈದ್ಯ ದಳದೊಂದಿಗೆ ಆಫ್ರಿಕದ ಗೋಲ್ಡ್ ಕೋಸ್ಟ್‌ಗೆ, ಅಂದರೆ ಇಂದಿನ ಘಾನಾಕ್ಕೆ ಹೋದರು. ಅಲ್ಲಿ ನದಿ ಬದಿಯ ಹಳ್ಳಿಗಳನ್ನು ಕುರುಡಾಗಿಸುತ್ತಿದ್ದ ಹುಳುರೋಗವನ್ನು ಅಧ್ಯಯನ ಮಾಡಿ 1945ರಲ್ಲಿ ಪ್ರಕಟಿಸಿದರು. ಬಳಿಕ ಭಾರತ, ಬರ್ಮಾ ಕಡೆಗೂ ಬಂದರು. ಜಪಾನೀಯರ ಸೆರೆಯಿಂದ ಬಿಡುಗಡೆಯಾಗಿ, ಅನ್ನವಿಲ್ಲದೆ ದೃಷ್ಟಿ ಕುಂದಿದ್ದ ಸೈನಿಕರನ್ನು ರಂಗೂನಿನಲ್ಲಿ ಪರೀಕ್ಷಿಸಿದರು. ಬಡವರ ಕುರುಡುತನದ ಕಾಳಜಿ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಯುದ್ಧ ಮುಗಿದ ಮೇಲೆ ಒಂದು ದಿನ ಅವರು ಪೊರೆ ತೆಗೆಯುವುದನ್ನು ವೈದ್ಯ ವಿದ್ಯಾರ್ಥಿಯೊಬ್ಬ ನೋಡುತ್ತಿದ್ದ. ತೆಗೆದ ಮಸೂರದ ಜಾಗಕ್ಕೆ ಬೇರೊಂದನ್ನು ಏಕೆ ಇಡುವುದಿಲ್ಲ ಎಂದು ಅವನು ಕೇಳಿದ. ತಿಳಿಯದವನ ಪ್ರಶ್ನೆ ತಿಳಿದವನನ್ನು ಎಚ್ಚರಿಸಿದ ಉದಾಹರಣೆ ಇದು. ಶಿಕ್ಷಕರಾದ ನಾವು ಈ ಘಟನೆಯನ್ನು ತರಗತಿಯಲ್ಲಿ ಮತ್ತೆ ಮತ್ತೆ ಹೇಳುತ್ತೇವೆ. ರಿಡ್ಲಿಯವರ ಮನಸ್ಸಿನಲ್ಲಿ ಬಹುಕಾಲದಿಂದ ಇದ್ದ ಆಲೋಚನೆಗೆ ಆ ಪ್ರಶ್ನೆ ಚಾಲನೆ ಕೊಟ್ಟಿತು.

ಅವರು ರೇನರ್ ಎಂಬ ಕನ್ನಡಕ ತಯಾರಿಕೆಯ ಸಂಸ್ಥೆಯ ಜಾನ್ ಪೈಕ್ ಅವರನ್ನು ಕಂಡರು. ಲಂಡನ್ನಿನ ಚೌಕವೊಂದರಲ್ಲಿ ನಿಲ್ಲಿಸಿದ ಕಾರಿನಲ್ಲಿ ಕುಳಿತು ಇಬ್ಬರೂ ಸಮಾಲೋಚಿಸಿದರು. ಪೈಕರ ಮೂಲಕ ಐಸಿಐ ಕಂಪನಿಯ ರಸಾಯನ ತಜ್ಞ ಜಾನ್ ಹೋಲ್ಟ್ ಜೊತೆಗೂಡಿದರು. ಇಲ್ಲಿಯೇ ಈ ಕಥೆಯ ವಿಜ್ಞಾನವಿದೆ. ವಿಮಾನಕ್ಕೆ ಬಳಸುವ ಪ್ಲಾಸ್ಟಿಕ್ಕನ್ನು ಹಾಗೆಯೇ ಕಣ್ಣಿಗೆ ಇಡಲಾಗದು. ಪ್ಲಾಸ್ಟಿಕ್ ತಯಾರಾಗುವಾಗ ಒಂದಕ್ಕೊಂದು ಬೆಸೆಯದೆ ಉಳಿದ ಸಣ್ಣ ಅಣುಗಳು, ಕ್ರಿಯೆಗೆಂದು ಸೇರಿಸಿದ ಇತರ ಪದಾರ್ಥಗಳು ನಿಧಾನವಾಗಿ ಹೊರಗೆ ಜಿನುಗುತ್ತವೆ. ಜಿನುಗಿದ್ದು ಕಣ್ಣಿಗೆ ವಿಷ. ಆದುದರಿಂದ ಹೋಲ್ಟ್ ಅವರು ಇಂಥ ಶೇಷಗಳನ್ನು ಅತ್ಯಂತ ಕಡಿಮೆಗೊಳಿಸಿದ ಶುದ್ಧ ದರ್ಜೆಯ ಪರ್ಸ್ಪೆಕ್ಸನ್ನು ಸಿದ್ಧಪಡಿಸಿಕೊಟ್ಟರು. ಗಾಜಿಗೆ ಹೋಲಿಸಿದರೆ ಅದರ ತೂಕ ಅರ್ಧಕ್ಕಿಂತ ಕಡಿಮೆ. ಪೈಕ್ ಅದನ್ನು 8.35 ಮಿಲಿಮೀಟರ್ ವ್ಯಾಸದ ಬಿಲ್ಲೆಯಾಗಿ ಕಡೆದು ನಯಗೊಳಿಸಿದರು.

1949ರ ನವೆಂಬರ್ 29ರಂದು ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ 45 ವರ್ಷದ ಮಹಿಳೆಯೊಬ್ಬರ ಮೇಲೆ ಮೊದಲ ಶಸ್ತ್ರಚಿಕಿತ್ಸೆ ನಡೆಯಿತು. ಮಸೂರವನ್ನು ಶಾಶ್ವತವಾಗಿ ನೆಲೆಗೊಳಿಸಿದ್ದು 1950ರ ಫೆಬ್ರವರಿ 8ರಂದು. ಕಣ್ಣು ಮಸೂರವನ್ನು ತಾಳಿಕೊಂಡಿತು. ಲೆಕ್ಕ ಮಾತ್ರ ತಪ್ಪಿತ್ತು. ಮನುಷ್ಯನ ಸಹಜ ಮಸೂರದ ಬಾಗನ್ನು ನಕಲು ಮಾಡಿದ್ದರು, ಆದರೆ ಪರ್ಸ್ಪೆಕ್ಸ್ ಬೆಳಕನ್ನು ಸಹಜ ಮಸೂರಕ್ಕಿಂತ ಹೆಚ್ಚು ಬಾಗಿಸುತ್ತದೆ. ಆದ್ದರಿಂದ ಆ ಮಹಿಳೆಗೆ ತೀವ್ರ ಸಮೀಪದೃಷ್ಟಿ ಉಂಟಾಯಿತು. ಮುಂದಿನ ಮಸೂರಗಳಲ್ಲಿ ಬಾಗನ್ನು ತಗ್ಗಿಸಿ ತಪ್ಪನ್ನು ತಿದ್ದಿದರು.

ರಿಡ್ಲಿಯವರು ಈ ಪ್ರಯೋಗವನ್ನು ಗುಟ್ಟಾಗಿಯೇ ಇಟ್ಟಿದ್ದರು. 1951ರ ಜುಲೈಯಲ್ಲಿ ಆಕ್ಸ್‌ಫರ್ಡ್‌ನ ನೇತ್ರವೈದ್ಯರ ಸಮ್ಮೇಳನದಲ್ಲಿ ಅದನ್ನು ಬಹಿರಂಗಪಡಿಸಿದರು, ರೋಗಿಗಳನ್ನೂ ಕರೆತಂದಿದ್ದರು. ಮೆಚ್ಚುಗೆಗಿಂತ ಆಕ್ಷೇಪವೇ ದೊಡ್ಡದಾಗಿತ್ತು. ಅಂದಿನ ಬ್ರಿಟಿಷ್ ನೇತ್ರವೈದ್ಯಕೀಯದ ಅಗ್ರಗಣ್ಯರಾದ ಸರ್ ಸ್ಟ್ಯೂವರ್ಟ್ ಡ್ಯೂಕ್ ಎಲ್ಡರ್ ಆ ರೋಗಿಗಳನ್ನು ನೋಡಲೂ ಒಪ್ಪಲಿಲ್ಲವೆಂದು ಹೇಳುತ್ತಾರೆ. ಕಣ್ಣಿನಿಂದ ಹೊರವಸ್ತುವನ್ನು ತೆಗೆಯುವುದು ವೈದ್ಯನ ಧರ್ಮ, ಒಳಗೆ ಇಡುವುದು ಅಧರ್ಮ ಎಂಬ ಭಾವನೆ ಬಲವಾಗಿತ್ತು. ಅಮೆರಿಕದಲ್ಲಿಯೂ ಹಿರಿಯರು ವಿರೋಧಿಸಿದರು. ಆದರೂ 1952ರಲ್ಲಿ ಫಿಲಡೆಲ್ಫಿಯದ ವಾರನ್ ರೀಸ್ ರಿಡ್ಲಿ ಮಸೂರವನ್ನು ಅಲ್ಲಿ ಅಳವಡಿಸಿದರು.

ವಿರೋಧಿಗಳ ಮಾತಿನಲ್ಲಿ ಸತ್ಯಾಂಶವೇ ಇರಲಿಲ್ಲವೆಂದು ಬರೆದರೆ ನಾವು ಪಕ್ಷಪಾತಿಗಳಾಗುತ್ತೇವೆ. ಮೊದಲ ಮಸೂರಗಳು ಸುಮಾರು 110 ಮಿಲಿಗ್ರಾಂ ತೂಗುತ್ತಿದ್ದವು. ಕೆಲವು ಜಾರಿ ಕಣ್ಣಿನ ಹಿಂಭಾಗಕ್ಕೆ ಬಿದ್ದವು. ಕೆಲವು ಕಣ್ಣುಗಳಲ್ಲಿ ಉರಿಯೂತವೆದ್ದು ಮಸೂರವನ್ನು ತೆಗೆಯಬೇಕಾಯಿತು. ಕಾರಣ ಹುಡುಕಿದಾಗ ದೋಷ ಪ್ಲಾಸ್ಟಿಕ್ಕಿನದಾಗಿರಲಿಲ್ಲ. ಮಸೂರವನ್ನು ಕ್ರಿಮಿರಹಿತಗೊಳಿಸಲು ಸೆಟ್ರಿಮೈಡ್ ಎಂಬ ದ್ರಾವಣದಲ್ಲಿ ಅದ್ದುತ್ತಿದ್ದರು. ಅದರ ಅಂಶ ಮಸೂರದಲ್ಲಿಯೇ ಅಂಟಿ ಉಳಿದು, ಕಣ್ಣೊಳಗೆ ಹೋಗಿ ಕೆರಳಿಸುತ್ತಿತ್ತು. ಮುಂದೆ ಕಾಸ್ಟಿಕ್ ಸೋಡಾ ಬಳಸಿ ತೊಳೆಯುವ ವಿಧಾನ ಬಂದಾಗ ಈ ಬಾಧೆ ಕಡಿಮೆಯಾಯಿತು.

ಇದರಿಂದ ಕಲಿತ ಪಾಠ ಇಂದಿಗೂ ದೇಹದೊಳಗೆ ಇಡುವ ಪ್ರತಿಯೊಂದು ಸಾಧನಕ್ಕೂ ಅನ್ವಯಿಸುತ್ತದೆ. ದೇಹವು ವಸ್ತುವನ್ನು ಭೇಟಿಯಾಗುವುದು ಅದರ ಮೇಲ್ಮೈಯಲ್ಲಿ. ಒಳಗಿಟ್ಟ ಕೆಲವೇ ಕ್ಷಣಗಳಲ್ಲಿ ದೇಹದ್ರವದ ಪ್ರೋಟೀನುಗಳು ಆ ಮೇಲ್ಮೈಗೆ ತೆಳುವಾಗಿ ಅಂಟುತ್ತವೆ. ಹಿಂದಿನಿಂದ ಬರುವ ಕೋಶಗಳು ಓದುವುದು ಆ ಪದರವನ್ನು. ಮೇಲ್ಮೈ ಒರಟಾಗಿದ್ದರೆ, ಅಂಚು ಮೊನಚಾಗಿದ್ದರೆ, ಕೊಳೆ ಉಳಿದಿದ್ದರೆ ಅವು ಕೆರಳುತ್ತವೆ. 1970ರ ದಶಕದಲ್ಲಿ ಸರಿಯಾಗಿ ನಯಗೊಳಿಸದ ಕೆಲವು ಮಸೂರಗಳ ಅಂಚು ಕಣ್ಣಿನ ಬಣ್ಣದ ಪರದೆಗೆ ಉಜ್ಜಿ, ರಕ್ತಸ್ರಾವವನ್ನೂ ಒತ್ತಡದ ಏರಿಕೆಯನ್ನೂ ತಂದವು. ವಸ್ತು ಅದೇ, ಅಂಚಿನ ಕೆಲಸ ಕೆಟ್ಟದ್ದು. ಬಳಿಕ ಮಸೂರದ ಮೇಲ್ಮೈಗೆ ಹೆಪಾರಿನ್ ಲೇಪಿಸಿ ಕೋಶಗಳು ಅಂಟದಂತೆ ಮಾಡುವ ಪ್ರಯತ್ನ ನಡೆಯಿತು. ಹಿಂಬದಿಯ ಅಂಚನ್ನು ಚೌಕವಾಗಿ ಕಡೆದರೆ ಮತ್ತೆ ಮಬ್ಬು ಬೆಳೆಸುವ ಕೋಶಗಳು ಹಿಂದಕ್ಕೆ ತೆವಳದೆ ಅಲ್ಲೇ ತಡೆಯುತ್ತವೆಂಬುದೂ ತಿಳಿದುಬಂತು. ಒಂದು ಅಂಚು ಹೇಗಿದೆ ಎಂಬುದರ ಮೇಲೆ ಒಬ್ಬ ಮನುಷ್ಯನ ದೃಷ್ಟಿ ನಿಂತಿದೆ.

ಇದೇ ಕಾಲದಲ್ಲಿ ಬೇರೆಯವರೂ ಇದೇ ಪ್ರಶ್ನೆಯನ್ನು ಬೇರೆ ಅಂಗಗಳಲ್ಲಿ ಎದುರಿಸುತ್ತಿದ್ದರು. ಇಂಗ್ಲೆಂಡಿನ ಜಾನ್ ಚಾರ್ನ್ಲಿ ಸೊಂಟದ ಕೀಲಿಗೆ ಮೊದಲು ಟೆಫ್ಲಾನ್ ಬಳಸಿದರು. ಅದು ಸವೆದು ಉದುರಿದ ಪುಡಿಗೆ ದೇಹ ಸಿಡಿದೆದ್ದಿತು. ಚಾರ್ನ್ಲಿ ಆ ಪುಡಿಯನ್ನು ತಮ್ಮ ತೊಡೆಗೇ ಸೇರಿಸಿಕೊಂಡು ಪರೀಕ್ಷಿಸಿದರು, 1962ರಲ್ಲಿ ಗಟ್ಟಿ ಪಾಲಿಎಥಿಲೀನಿಗೆ ಬದಲಾಯಿಸಿದರು. ಅವರು ಕೀಲನ್ನು ಮೂಳೆಗೆ ಕೂರಿಸಲು ಬಳಸಿದ ಗಾರೆ ಮಾತ್ರ ರಿಡ್ಲಿಯವರ ಮಸೂರದ ವಸ್ತುವೇ. ಸ್ವೀಡನ್ನಿನ ಬ್ರೋನೆಮಾರ್ಕ್ ಟೈಟಾನಿಯಂ ಲೋಹದ ಜೊತೆ ಮೂಳೆ ನೇರವಾಗಿ ಬೆಸೆಯುವುದನ್ನು ಕಂಡರು. ನಮ್ಮ ದೇಶದಲ್ಲಿ ಡಾ. ಎಂ. ಎಸ್. ವಲಿಯತ್ತಾನರ ನೇತೃತ್ವದಲ್ಲಿ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯು ಹಲವು ಮಾದರಿಗಳು ಸೋತ ಬಳಿಕ ಹೃದಯ ಕವಾಟವನ್ನು ರೂಪಿಸಿ, 1990ರ ಡಿಸೆಂಬರಿನಲ್ಲಿ ಮೊದಲ ರೋಗಿಗೆ ಅಳವಡಿಸಿತು. ವಲಿಯತ್ತಾನರು ಆಮೇಲೆ ಮಣಿಪಾಲದಲ್ಲಿ ಕುಲಪತಿಗಳಾಗಿ ಕನ್ನಡ ನಾಡಿನವರೇ ಆದರು.

ರಿಡ್ಲಿಯವರು ತಮ್ಮ ಮಸೂರಕ್ಕೆ ಪೇಟೆಂಟ್ ಪಡೆಯಲಿಲ್ಲ. ಅದರಿಂದ ಹಣ ಮಾಡಿಕೊಳ್ಳಲಿಲ್ಲ. 1966ರಲ್ಲಿ ಅವರೂ ಅವರ ಶಿಷ್ಯ ಪೀಟರ್ ಚಾಯ್ಸ್ ಅವರೂ ಸಮಾನಮನಸ್ಕರ ಅಂತರರಾಷ್ಟ್ರೀಯ ಕೂಟವೊಂದನ್ನು ಸ್ಥಾಪಿಸಿದರು. ಮರುವರ್ಷ ಉಷ್ಣವಲಯದ ದೇಶಗಳ ಕುರುಡುತನದ ನಿವಾರಣೆಗೆಂದು ತಮ್ಮ ಹೆಸರಿನ ಪ್ರತಿಷ್ಠಾನವನ್ನು ಆರಂಭಿಸಿದರು. 1971ರಲ್ಲಿ ಆಸ್ಪತ್ರೆಯ ಸೇವೆಯಿಂದ ನಿವೃತ್ತರಾದಾಗ ಅವರ ಕೆಲಸಕ್ಕೆ ಮನ್ನಣೆ ಇನ್ನೂ ದೂರವಿತ್ತು. ಈ ಕಡೆಗಣನೆ ಅವರನ್ನು ಖಿನ್ನತೆಗೆ ದೂಡಿತು. ಅಮೆರಿಕ ಸರಕಾರ ಕಣ್ಣೊಳಗಿನ ಮಸೂರಕ್ಕೆ ಒಪ್ಪಿಗೆ ಕೊಟ್ಟದ್ದು 1981ರಲ್ಲಿ. ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಆರಿಸಿದ್ದು 1986ರಲ್ಲಿ, ಆಗ ಅವರಿಗೆ ಎಂಬತ್ತರ ವಯಸ್ಸು.

1987ರಲ್ಲಿ ಒಂದು ಅಪೂರ್ವ ಸಂಗತಿ ನಡೆಯಿತು. ವಿಮಾನದ ಚೂರುಗಳನ್ನು ಹೊತ್ತು 47 ವರ್ಷ ಬಾಳಿದ್ದ ಗಾರ್ಡನ್ ಕ್ಲೀವರರ ಉಳಿದ ಒಂದು ಕಣ್ಣಿಗೂ ಪೊರೆ ಬಂದಿತ್ತು. ಅವರ ಕಣ್ಣಿನಿಂದಲೇ ಕಲಿತ ಮಸೂರವನ್ನು ಅವರ ಕಣ್ಣಿಗೇ ಇಟ್ಟು ದೃಷ್ಟಿ ಮರಳಿಸಿದರು. ಕೆಲವು ವರ್ಷಗಳಲ್ಲಿ ರಿಡ್ಲಿಯವರಿಗೂ ಪೊರೆ ಬಂತು. ತಾವು ಮೊದಲ ಶಸ್ತ್ರಚಿಕಿತ್ಸೆ ಮಾಡಿದ ಅದೇ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಎರಡೂ ಕಣ್ಣುಗಳಿಗೆ ಮಸೂರ ಪಡೆದರು. 2000ದಲ್ಲಿ, 93ರ ವಯಸ್ಸಿನಲ್ಲಿ, ಸರ್ ಪದವಿ ಬಂತು. 2001ರ ಮೇ 25ರಂದು ಅವರು ನಿಧನ ಹೊಂದಿದರು.

ಅವರ ಮಸೂರ ಬಡವರ ಮನೆಗೆ ಬರಲು ಇನ್ನೊಂದು ಹೆಜ್ಜೆ ಬೇಕಿತ್ತು. 1980ರ ದಶಕದಲ್ಲಿ ಆಮದು ಮಸೂರದ ಬೆಲೆ ನೂರು ಡಾಲರಿಗೂ ಹತ್ತಿರವೋ ಮಿಗಿಲೋ ಆಗಿತ್ತು. ಡಾ. ಜಿ. ವೆಂಕಟಸ್ವಾಮಿಯವರು ಮಧುರೈಯಲ್ಲಿ 1976ರಲ್ಲಿ 11 ಹಾಸಿಗೆಗಳಿಂದ ಆರಂಭಿಸಿದ ಅರವಿಂದ ಕಣ್ಣಿನ ಆಸ್ಪತ್ರೆಯ ಬಳಗವು 1992ರಲ್ಲಿ ಆರೋಲ್ಯಾಬ್ ಎಂಬ ಕಾರ್ಖಾನೆಯನ್ನು ತೆರೆದು, ಹತ್ತು ಡಾಲರಿನ ಆಸುಪಾಸಿಗೆ ಮಸೂರ ಒದಗಿಸಿತು. ಅಲ್ಲಿಂದಾಚೆಗೆ ಶಿಬಿರಗಳಿಂದ ಮರಳುವ ಹಿರಿಯರ ಮೂಗಿನಿಂದ ದಪ್ಪ ಕನ್ನಡಕ ಇಳಿಯಿತು.

ಮತ್ತೆ ನಮ್ಮ ಆಯಿಯ ಮಾತಿಗೆ ಬರೋಣ. ಮುರಿದ ಮೂಳೆಗೆ ಲೋಹದ ಸಾಧನವನ್ನು ಕೂರಿಸಿದರು. ಗಾಜಿಗೆ ಅಂಜಿದ ಆಯಿಯ ದೇಹದೊಳಗೆ ಕೊನೆಗೂ ಹೊರವಸ್ತು ಹೊಕ್ಕೇ ಹೊಕ್ಕಿತು, ಆದರೆ ನೋವಿನ ದಾರಿಯಿಂದ. ಹಾಸಿಗೆಯ ಪಕ್ಕ ಕುಳಿತು ನಾವು ಅವರಿಗೆ ಕ್ಲೀವರರ ಕಥೆಯನ್ನೂ ರಿಡ್ಲಿಯವರ ಕಥೆಯನ್ನೂ ನಮ್ಮ ಭಾಷೆಯಲ್ಲಿ ಹೇಳಿದೆವು. ಕಣ್ಣೊಳಗೆ ಇಡುವುದು ಗಾಜಲ್ಲ, ಒಡೆದು ಚುಚ್ಚುವಂಥದ್ದಲ್ಲ, ಎಪ್ಪತ್ತು ವರ್ಷಗಳಿಂದ ಮನುಷ್ಯನ ಕಣ್ಣು ಒಪ್ಪಿಕೊಂಡ ವಸ್ತು ಎಂದು ವಿವರಿಸಿದೆವು. ನಡೆಯುವಂತಾದ ಮೇಲೆ ಅವರು ಕಣ್ಣಿನ ಚಿಕಿತ್ಸೆ ಮಾಡಿಸಿಕೊಂಡರು. ಕೋಲು ಮಾತ್ರ ಕೈಬಿಡಲಿಲ್ಲ.

ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಸೌಲಭ್ಯ ಇರಬೇಕೆನ್ನುತ್ತದೆ. ಶಾಲೆಗಾಗಿ ನಾವು ಹೋರಾಡುತ್ತೇವೆ, ಹೋರಾಡುತ್ತಲೇ ಇರುತ್ತೇವೆ. ಆದರೆ ಶಾಲೆಯಲ್ಲಿ ಕಲಿತ ಕನ್ನಡ ಆಸ್ಪತ್ರೆಯ ಬಾಗಿಲಲ್ಲಿ ಕೆಲಸಕ್ಕೆ ಬಾರದಿದ್ದರೆ ಆ ಹೋರಾಟ ಅರ್ಧವೇ. ನಮ್ಮ ಮಕ್ಕಳು ಮನೆಯ ಹಿರಿಯರಿಗೆ ದುಭಾಷಿಗಳು. ಪೊರೆ, ಮೋತಿಬಿಂದು, ಕ್ಯಾಟರಾಕ್ಟ್ ಮೂರೂ ಒಂದೇ ಎಂಬುದು ಅವರಿಗೆ ತಿಳಿದಿರಬೇಕು. ಭಿಂಗ ಎಂದರೆ ಮಸೂರ, ಅದು ಗಾಜೇ ಆಗಬೇಕಿಲ್ಲ ಎಂಬುದು ತಿಳಿದಿರಬೇಕು. ಒಪ್ಪಿಗೆಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು ಅದರಲ್ಲಿ ಏನಿದೆಯೆಂದು ಕನ್ನಡದಲ್ಲಿ ಓದಿ ಹೇಳಿರೆಂದು ಕೇಳುವ ಧೈರ್ಯ ಅವರಿಗಿರಬೇಕು.

ಈ ವರ್ಷದಿಂದ ನಾವು ವಿಜ್ಞಾನದ ಪಾಠದಲ್ಲಿ ಮಸೂರದ ಅಧ್ಯಾಯ ಬಂದಾಗ ಒಂದು ತಾಸನ್ನು ರಿಡ್ಲಿಯವರ ಜೀವನಕ್ಕೆ ಮೀಸಲಿಟ್ಟಿದ್ದೇವೆ. ಮನೆಗೆ ಹೋಗಿ ಹಿರಿಯರಿಗೆ ಆ ಕಥೆಯನ್ನು ಹೇಳಿ ಬರುವುದೇ ಅಂದಿನ ಮನೆಪಾಠ. ಗಡಿಭಾಗದ ಇತರ ಕನ್ನಡ ಶಾಲೆಗಳ ಗುರುಬಂಧುಗಳೂ ಹೀಗೆ ಮಾಡಬೇಕೆಂದು ವಿನಂತಿಸುತ್ತೇವೆ. ಅಂದು ತಪ್ಪು ಪದ ಹೇಳಿದ ಹುಡುಗಿ ಈಗ ಮೇಲಿನ ತರಗತಿಯಲ್ಲಿದ್ದಾಳೆ. ಕಳೆದ ಶಿಬಿರದ ದಿನ ಅವಳು ಓಣಿಯ ನಾಲ್ವರು ಹಿರಿಯರನ್ನು ಕರೆದುಕೊಂಡು ಹೋದಳು. ನಾಲ್ವರೂ ಚಿಕಿತ್ಸೆ ಮುಗಿಸಿಕೊಂಡೇ ಬಂದರು.